ಹಳದಿ ಪಿನ್ ಬಗ್ಗಿಸಿ ಹಿಡಿದರೆ ಮಾತ್ರ ಚಿತ್ರ ಬರುತ್ತೆ, ಏನ್ ಮಾಡ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವೈರಿನದೇ ಗೋಳು. ಅದಕ್ಕೇ ಮಿಕ್ಸಿ, ಗೀಸರ್‌ನವರನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ, ಪಿನ್ನು, ಜಾಕು, ಕೇಬಲ್ಲಿನವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇನೆ. ಮಿಕ್ಸಿಯವರು ಬೇಜಾರು ಮಾಡಿಕೊಳ್ಳಬೇಡಿ. ಒಂದು ತಿಂಗಳು ಒರಳು ಇದೆಯಲ್ಲ.

ಪ್ರಶ್ನೆ: ಸಾರ್, ನಮ್ಮ ಮನೆಯಲ್ಲಿ 1999ರಲ್ಲಿ ತಗೊಂಡ, ಪುಟ್ಟ ಕ್ಯಾಸೆಟ್ ಹಾಕುವ ವಿಡಿಯೊ ಕ್ಯಾಮೆರಾ ಇದೆ. ಮಗಳ ನಾಮಕರಣ, ತೀರಿಹೋದ ನಮ್ಮತ್ತೆ ಹಾಡಿದ ಸೋಬಾನೆ ಎಲ್ಲ ಅದರಲ್ಲೇ ಇದೆ. ಕ್ಯಾಮೆರಾದಿಂದ ಟಿವಿಗೆ ಹಾಕುವ ವೈರಿನಲ್ಲಿ ಹಳದಿ ಪಿನ್ನಿನ ಹತ್ತಿರ ಏನೋ ಆಗಿದೆ. ಒಂದು ಕಡೆ ಬಗ್ಗಿಸಿ ಹಿಡಿದರೆ ಚಿತ್ರ ಬರುತ್ತದೆ, ಬಿಟ್ಟರೆ ನೀಲಿ ಪರದೆ. ನಮ್ಮ ಯಜಮಾನರು ಬಟ್ಟೆ ಕ್ಲಿಪ್ಪು ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಸುತ್ತಿ ಒಂದು ವಾರ ಓಡಿಸಿದರು. ಈಗ ಅದಕ್ಕೂ ಬಗ್ಗುತ್ತಿಲ್ಲ. ನೋಡೋಕೆ ಅದೇ ಥರ ಇರುವ ಬೇರೆ ವೈರ್ ತಂದು ಹಾಕಿದರೆ ಚಿತ್ರವೇ ಇಲ್ಲ, ಸ್ಪೀಕರಿನಲ್ಲಿ ಕರ್ರ್ ಅನ್ನುತ್ತದೆ. ಅಂಗಡಿಯವರು ‘ಇದೆಲ್ಲ ಈಗ ಬರಲ್ಲ, ಬಿಸಾಕಿ’ ಅಂದುಬಿಟ್ಟರು. ಮನೆಯಲ್ಲೇ ಸರಿಮಾಡಬಹುದಾ? ನನಗೆ ಹೊಲಿಗೆ ಬರುತ್ತದೆ, ಸಾಲ್ಡರಿಂಗ್ ಬರಲ್ಲ. (ಗೃಹಿಣಿ, ಹನುಮಂತನಗರ)

ಉತ್ತರ: ಬಿಸಾಕಬೇಡಿ ಮೇಡಂ. ಧಾರಾಳವಾಗಿ ಸರಿಮಾಡಬಹುದು. ಮೊದಲು ಆ ಕ್ಲಿಪ್ಪನ್ನು ತೆಗೆದು ಬಟ್ಟೆಗೇ ಹಾಕಿ. ಒತ್ತಿ ಹಿಡಿದಷ್ಟೂ ಒಳಗೆ ಉಳಿದಿರುವ ನಾಲ್ಕು ಎಳೆಯೂ ತುಂಡಾಗುತ್ತದೆ.

ಬಗ್ಗಿಸಿದರೆ ಬರುತ್ತದೆ ಅಂದಿರಲ್ಲ, ಅರ್ಧ ಕಾಯಿಲೆ ಅಲ್ಲೇ ಗೊತ್ತಾಯಿತು. ಇಂಥ ವೈರು ನಟ್ಟನಡುವೆ ಕೆಡುವುದು ತೀರಾ ಕಡಿಮೆ. ಕೆಡುವುದು ಪಿನ್ನಿನ ಕತ್ತಿನಲ್ಲಿ, ಕೊನೇ ಎರಡು ಇಂಚಿನಲ್ಲಿ. ಗಟ್ಟಿ ಪ್ಲಾಸ್ಟಿಕ್ ಮುಗಿದು ಮೆತ್ತನೆಯ ವೈರು ಶುರುವಾಗುವ ಜಾಗ ಅದು. ಟಿವಿಯನ್ನು ಗೋಡೆಗೆ ಒತ್ತಿ ಇಟ್ಟಾಗ ಅಲ್ಲೇ ಮಡಚಿಕೊಳ್ಳುತ್ತದೆ, ಕೀಳುವಾಗ ನಾವು ಪಿನ್ ಹಿಡಿಯೋದು ಬಿಟ್ಟು ವೈರ್ ಹಿಡಿದು ಎಳೆಯುತ್ತೇವೆ, ಆಗಲೂ ಜಗ್ಗುವುದು ಅಲ್ಲೇ.

ಆದರೆ ಕತ್ತರಿ ಎತ್ತಿಕೊಳ್ಳುವ ಮೊದಲು ಕೆಟ್ಟಿರುವುದು ಯಾವ ತುದಿ ಅಂತ ಖಾತ್ರಿ ಮಾಡಿಕೊಳ್ಳಿ. ಟಿವಿಯ ಹಳದಿ ಸಾಕೆಟ್ಟೇ ಸಡಿಲ ಆಗಿರಬಹುದು. ಡಿವಿಡಿ ಪ್ಲೇಯರಿನ ವೈರು ಇದ್ದರೆ ಅದೇ ಸಾಕೆಟ್ಟಿಗೆ ಹಾಕಿ ಸ್ವಲ್ಪ ಅಲ್ಲಾಡಿಸಿ. ಚಿತ್ರ ಅಲುಗದಿದ್ದರೆ ಸಾಕೆಟ್ ಸರಿ ಇದೆ. ಆಮೇಲೆ ನಿಮ್ಮ ವೈರು ಹಾಕಿ, ಹಳದಿ ಪಿನ್ನನ್ನು ಮುಟ್ಟದೆ ಕ್ಯಾಮೆರಾ ಕಡೆಯ ತುದಿಯನ್ನು ಮಾತ್ರ ಮೆಲ್ಲಗೆ ಅಲ್ಲಾಡಿಸಿ. ಆಗ ಚಿತ್ರ ಬಂದು ಹೋಗಿ ಮಾಡಿದರೆ ಕೆಟ್ಟಿರುವುದು ಆ ತುದಿ, ನೀವು ಪಾಪದ ಹಳದಿ ಪಿನ್ನಿನ ಕತ್ತು ಕುಯ್ದು ಪ್ರಯೋಜನ ಇಲ್ಲ. ಮಲ್ಟಿಮೀಟರ್ (ವೈರು ತುಂಡಾಗಿದೆಯೇ ಅಂತ ನೋಡುವ, ಎರಡು ಮುಳ್ಳಿನ ಮೀಟರು) ಸಿಕ್ಕರೆ ಇನ್ನೂ ಸುಲಭ. ಬೀಪ್ ಅನ್ನುವ ಗುರುತಿಗೆ ತಿರುಗಿಸಿ, ವೈರನ್ನು ಎರಡೂ ಕಡೆ ಬಿಚ್ಚಿ, ಹಳದಿಯ ನಡುಕಡ್ಡಿಗೆ ಒಂದು ಮುಳ್ಳು, ಕ್ಯಾಮೆರಾ ಕಡೆಯ ಉದ್ದ ಪಿನ್ನಿನ ಒಂದೊಂದು ಉಂಗುರಕ್ಕೆ ಇನ್ನೊಂದು ಮುಳ್ಳು ಮುಟ್ಟಿಸುತ್ತಾ ಹೋಗಿ. ಯಾವುದೋ ಒಂದು ಉಂಗುರಕ್ಕೆ ಬೀಪ್ ಬರಬೇಕು, ಕತ್ತು ಅಲ್ಲಾಡಿಸಿದಾಗ ನಿಲ್ಲಬಾರದು. ನಡುಕಡ್ಡಿಗೂ ಅದೇ ಪಿನ್ನಿನ ಹೊರಬಳೆಗೂ ಮಧ್ಯೆ ಬೀಪ್ ಬಂದರೆ ಎರಡೂ ಒಳಗೆ ಅಂಟಿಕೊಂಡಿವೆ ಅಂತ.

ಇನ್ನು ಹೊಸ ವೈರು ಯಾಕೆ ಕರ್ರ್ ಅಂದಿತು? ಕ್ಯಾಮೆರಾಗೆ ಹೋಗುವ 3.5 ಮಿಲಿಮೀಟರ್ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಭಾಗ ಇರುತ್ತದೆ. ಎಡ ಸೌಂಡು (ಬಿಳಿ ಪಿನ್ನು), ಬಲ ಸೌಂಡು (ಕೆಂಪು), ವಿಡಿಯೊ (ಹಳದಿ), ಮತ್ತೆ ಎಲ್ಲಕ್ಕೂ ಸೇರಿ ಒಂದು ಗ್ರೌಂಡ್, ಅಂದರೆ ಸಿಗ್ನಲ್ಲು ವಾಪಸ್ ಹೋಗುವ ದಾರಿ. ಯಾವುದು ಯಾವ ಭಾಗಕ್ಕೆ ಅನ್ನೋದರಲ್ಲಿ ಕಂಪನಿಗಳಿಗೆ ಒಮ್ಮತವೇ ಇರಲಿಲ್ಲ. ಒಬ್ಬರು ಗ್ರೌಂಡನ್ನು ಮೂರನೇ ಮನೆಯಲ್ಲಿ ಇಟ್ಟರೆ ಇನ್ನೊಬ್ಬರು ಕೊನೇ ಮನೆಯಲ್ಲಿ. ನೋಡಲು ಅವಳಿ ಜವಳಿ, ಒಳಗೆ ಜಾತಕವೇ ಬೇರೆ. ನಿಮ್ಮ ಸ್ಪೀಕರಿನಲ್ಲಿ ಬಂದ ಕರ್ರ್ ಸದ್ದು ಬಹುಶಃ ಚಿತ್ರದ್ದೇ, ದಾರಿ ತಪ್ಪಿ ಸ್ಪೀಕರಿಗೆ ಹೋಗಿದೆ. ಒಂದು ಉಪಾಯ ಇದೆ, ಖರ್ಚಿಲ್ಲದ್ದು. ಆ ಹೊಸ ವೈರಿನ ಕೆಂಪು ಪಿನ್ನನ್ನು ಹಳದಿ ಸಾಕೆಟ್ಟಿಗೆ ಹಾಕಿ ನೋಡಿ, ಆಗದಿದ್ದರೆ ಬಿಳಿಯದನ್ನು ಹಾಕಿ. ಗ್ರೌಂಡ್ ಒಂದೇ ಜಾಗದಲ್ಲಿದ್ದು ಮಿಕ್ಕವು ಅದಲು ಬದಲಾಗಿದ್ದರೆ ಚಿತ್ರ ಬಂದೇ ಬರುತ್ತದೆ, ನಿಮ್ಮ ರಿಪೇರಿ ಅಲ್ಲಿಗೇ ಮುಗಿಯಿತು. ಗ್ರೌಂಡೇ ಬೇರೆ ಕಡೆ ಇದ್ದರೆ ಏನು ಮಾಡಿದರೂ ಬರಲ್ಲ. ಆಗ ಹಳೇ ವೈರೇ ಗತಿ.

ಸರಿ, ಕೆಟ್ಟಿರುವುದು ಹಳದಿ ಪಿನ್ನೇ ಅಂತಿಟ್ಟುಕೊಳ್ಳಿ. ಇದಕ್ಕೆ ಅಂಗಡಿಯಲ್ಲಿ ಆರ್‌ಸಿಎ ಪಿನ್ ಅಂತ ಕೇಳಬೇಕು. ರೇಡಿಯೊ ಕಾರ್ಪೊರೇಷನ್ ಆಫ್ ಅಮೆರಿಕಾ ಅನ್ನುವ ಕಂಪನಿ 1930ರ ದಶಕದಲ್ಲಿ ತಂದ ಪಿನ್ನು ಇದು, ಅದರ ಮೊದಲಕ್ಷರಗಳೇ ಹೆಸರಾಗಿ ಉಳಿದವು. ಹೆಚ್ಚುಕಡಿಮೆ ತೊಂಬತ್ತು ವರ್ಷ ಆಕಾರ ಬದಲಾಗದ ಸಾಮಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಎಷ್ಟು ಸಿಗುತ್ತೆ ಹೇಳಿ!

ಸಾಲ್ಡರಿಂಗ್ ಬೇಡವೇ ಬೇಡ ಅನ್ನುವುದಾದರೆ ಸಿಸಿಟಿವಿ ಸಾಮಾನು ಮಾರುವವರ ಹತ್ತಿರ ಸ್ಕ್ರೂ ಟೈಪ್ ಆರ್‌ಸಿಎ ಪಿನ್ ಸಿಗುತ್ತದೆ. ಹಿಂದೆ ಎರಡು ಸಣ್ಣ ಸ್ಕ್ರೂ, ಪ್ಲಸ್ಸು ಮೈನಸ್ಸು. ನಡುವಿನ ವೈರು ಪ್ಲಸ್ಸಿಗೆ, ಸುತ್ತಲಿನ ಜಾಲರಿ ಮೈನಸ್ಸಿಗೆ ಹಾಕಿ ತಿರುಪಿದರೆ ಆಯಿತು. ಸ್ವಲ್ಪ ದಪ್ಪಗೆ, ಒಡ್ಡೊಡ್ಡಾಗಿ ಕಾಣುತ್ತದೆ, ಆದರೆ ನಾಲ್ಕು ಕ್ಯಾಸೆಟ್ ಕಾಪಿ ಮಾಡಿಕೊಳ್ಳುವುದಕ್ಕೆ ಧಾರಾಳ ಸಾಕು.

ನನ್ನ ಕೇಳಿದರೆ ಸಾಲ್ಡರಿಂಗೇ ಕಲಿಯಿರಿ ಅಂತೀನಿ. ಸೂಜಿಗೆ ದಾರ ಪೋಣಿಸುವ ಕೈಗೆ ಇದೇನು ಮಹಾ. 25 ವ್ಯಾಟ್‌ನ ಸಾಲ್ಡರಿಂಗ್ ಐರನ್, ಸ್ವಲ್ಪ 60/40 ಲೆಡ್ಡು (ತವರ, ಸೀಸ ಸೇರಿದ ಬೆಸುಗೆ ತಂತಿ), ಲೆಡ್ಡು ಚೆನ್ನಾಗಿ ಹಿಡಿಯಲಿ ಅಂತ ಸವರುವ ಒಂದು ಡಬ್ಬಿ ಪೇಸ್ಟು, ಹೊಸ ಬ್ಲೇಡು, ಇಷ್ಟೇ ಬೇಕಾಗಿದ್ದು. ಹಳೇ ಪಿನ್ನಿನಿಂದ ಎರಡು ಇಂಚು ಹಿಂದಕ್ಕೆ ಕತ್ತರಿಸಿ. ಧೈರ್ಯವಾಗಿ ಎರಡು ಇಂಚು. ಜಿಪುಣತನ ಮಾಡಿ ಅರ್ಧ ಇಂಚಿಗೆ ಕತ್ತರಿಸಿದರೆ ಒಳಗೆ ಮುರಿದ ಜಾಗ ನಿಮ್ಮ ಕಡೆಗೇ ಉಳಿದುಬಿಡುತ್ತದೆ.

ಕತ್ತರಿಸಿದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ಹೊಸ ಪಿನ್ನಿನ ಮುಚ್ಚಳವನ್ನು ಬಿಚ್ಚಿ ವೈರಿಗೆ ಪೋಣಿಸಿ ಹಿಂದಕ್ಕೆ ತಳ್ಳಿ. ಇದನ್ನು ನಾನು ದಪ್ಪಕ್ಷರದಲ್ಲಿ ಹಾಕಿಸಬೇಕು ಅಂತಿದ್ದೆ. ಕಾಲೇಜಿನಲ್ಲಿದ್ದಾಗ ಅಣ್ಣನ ಟೇಪ್‌ರೆಕಾರ್ಡರಿನ ವೈರಿಗೆ ರಾತ್ರಿ ಹನ್ನೊಂದರವರೆಗೆ ಕೂತು, ಮುತ್ತಿನಂಥ ಜಾಯಿಂಟು ಹಾಕಿ, ಊದಿ ಆರಿಸಿ, ಹೆಮ್ಮೆಯಿಂದ ಎತ್ತಿ ಹಿಡಿದೆ. ಮುಚ್ಚಳ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಎಲ್ಲ ಬಿಚ್ಚಿ ಮೊದಲಿಂದ. ಅದಾದ ಮೇಲೂ ಎರಡು ಸಲ ಹಾಗೇ ಮಾಡಿದ್ದೇನೆ, ಎಷ್ಟು ಸಲ ಅಂತ ಅಣ್ಣನಿಗೆ ಹೇಳಿಲ್ಲ.

ಈಗ ಹೊರಸಿಪ್ಪೆಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಸುಲಿಯಿರಿ. ಬ್ಲೇಡನ್ನು ಒತ್ತಬೇಡಿ, ಸುತ್ತ ಒಂದು ಗೆರೆ ಎಳೆದು ಬಗ್ಗಿಸಿದರೆ ಸಿಪ್ಪೆ ತಾನೇ ಬಿಡುತ್ತದೆ. (ಹಲ್ಲಲ್ಲಿ ಕಚ್ಚಿ ಸುಲಿಯುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ.) ಒಳಗೆ ಜಡೆಯಂಥ ತಾಮ್ರದ ಎಳೆಗಳು, ಅದರ ಮಧ್ಯೆ ಇನ್ನೊಂದು ಸಣ್ಣ ವೈರು. ಎಳೆಗಳನ್ನೆಲ್ಲ ಒಂದು ಪಕ್ಕಕ್ಕೆ ಬಾಚಿ, ಬತ್ತಿ ಹೊಸೆದಂತೆ ಹೊಸೆಯಿರಿ. ಒಂದೇ ಒಂದು ಕೂದಲೆಳೆಯೂ ಆಚೆ ಉಳಿಯಬಾರದು. ನಡುವಿನ ವೈರಿನ ಸಿಪ್ಪೆಯನ್ನು ಅರ್ಧ ಸೆಂಟಿಮೀಟರ್ ಮಾತ್ರ ತೆಗೆಯಿರಿ.

ಎರಡಕ್ಕೂ ಮೊದಲೇ ಸ್ವಲ್ಪ ಲೆಡ್ಡು ಹತ್ತಿಸಿಕೊಳ್ಳಿ. ಪಿನ್ನಿನ ಒಳಗಿನ ಸಣ್ಣ ತುದಿಗೂ, ಉದ್ದದ ನಾಲಿಗೆಗೂ ಅಷ್ಟೇ. ಆಮೇಲೆ ನಡುವೈರನ್ನು ಸಣ್ಣ ತುದಿಗೆ ತಾಗಿಸಿ ಐರನ್ ಇಡಿ, ಎರಡು ಮೂರು ಸೆಕೆಂಡು, ಲೆಡ್ಡು ಹೊಳೆದು ಹರಿದ ಕೂಡಲೇ ತೆಗೆಯಿರಿ, ತಣಿಯುವವರೆಗೆ ಕೈ ಅಲುಗಿಸಬೇಡಿ. ಈ ಲೆಡ್ಡು ಕರಗಲು ಶುರುವಾಗುವುದು 183 ಡಿಗ್ರಿಗೆ. ನಡುವೈರಿನ ಸುತ್ತ ಇರುವುದು ಪಾಲಿಥೀನ್ ಆಗಿದ್ದರೆ ಅದು 110ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ‘ಇನ್ನೂ ಸ್ವಲ್ಪ ಹೊತ್ತು ಇಡೋಣ, ಗಟ್ಟಿ ಆಗ್ಲಿ’ ಅಂತ ಇಟ್ಟರೆ ಗಟ್ಟಿ ಆಗುವುದು ಜಾಯಿಂಟಲ್ಲ, ಒಳಗೆ ಸಿಪ್ಪೆ ಕರಗಿ ಜಾಲರಿಗೂ ನಡುವೈರಿಗೂ ಮದುವೆ ಆಗುತ್ತದೆ. ಜಾಲರಿಯ ಬತ್ತಿಯನ್ನು ಉದ್ದ ನಾಲಿಗೆಗೆ ಹಾಕಿ. ನಾಲಿಗೆಯ ಕೊನೆಯಲ್ಲಿರುವ ಎರಡು ರೆಕ್ಕೆಗಳನ್ನು ವೈರಿನ ಹೊರಸಿಪ್ಪೆಯ ಮೇಲೆ ಮಡಚಿ ಇಕ್ಕಳದಲ್ಲಿ ಮೆತ್ತಗೆ ಒತ್ತಿ. ಮುಂದೆ ಯಾರಾದರೂ ವೈರು ಎಳೆದರೆ ಆ ಜಗ್ಗು ಈ ರೆಕ್ಕೆಗೆ ಬೀಳಬೇಕು, ಜಾಯಿಂಟಿಗಲ್ಲ. ನಡುತುದಿಗೆ ಒಂದು ಸುತ್ತು ಟೇಪು. ಮೀಟರಿನಲ್ಲಿ ಇನ್ನೊಮ್ಮೆ ನೋಡಿ ಮುಚ್ಚಳ ತಿರುಪಿ. ಕಿಟಕಿ ತೆಗೆದಿಡಿ, ಹೊಗೆ ಮೂಗಿಗೆ ಬರುವಂತೆ ಬಗ್ಗಬೇಡಿ, ಆದಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಇದೆ ಅದರಲ್ಲಿ.

ಜಾಯಿಂಟು ಹೊಳೆಯುತ್ತಾ ಅಂಚಿನಲ್ಲಿ ಹರಡಿಕೊಂಡಿದ್ದರೆ ಸರಿ. ಮಂಕಾಗಿ ಗೋಲಿ ಥರ ಕೂತಿದ್ದರೆ ಅದು ಹಿಡಿದಿಲ್ಲ, ಸ್ವಲ್ಪ ಪೇಸ್ಟು ಹಾಕಿ ಇನ್ನೊಮ್ಮೆ ಕಾಯಿಸಿ. ಮೊದಲು ಬೇಡದ ವೈರಿನ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿ, ನಾಮಕರಣದ ವೈರಿನ ಮೇಲಲ್ಲ.

ಚಿತ್ರ ಬಂದ ದಿನ ಸುಮ್ನೆ ನೋಡಿ ಖುಷಿಪಟ್ಟು ಎತ್ತಿಡಬೇಡಿ. ಇದೇ ಮೂರು ಪಿನ್ನು ಹಾಕುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಿಗುತ್ತದೆ, ಅದರಿಂದ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವೈರು ಮತ್ತೆ ಕೆಟ್ಟರೆ ಮತ್ತೆ ಹಾಕಬಹುದು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದರೆ ಸಾಲ್ಡರಿಂಗ್ ಐರನ್ ಏನೂ ಮಾಡಲ್ಲ. ಅತ್ತೆಯವರ ಸೋಬಾನೆಯನ್ನು ಮೊದಲು ಇಳಿಸಿ.

ಪ್ರಶ್ನೆ: ನಾನು ಪಿಜಿಯಲ್ಲಿರುವವನು. ಹತ್ತು ಮೀಟರ್ ಎಚ್‌ಡಿಎಂಐ ಕೇಬಲ್ಲಿನ ಒಂದು ತುದಿ ಮಂಚದ ಕಾಲಿಗೆ ಸಿಕ್ಕಿ ಚಪ್ಪಟೆ ಆಗಿದೆ. ಕತ್ತರಿಸಿ ಹೊಸ ಕನೆಕ್ಟರ್ ಹಾಕಬಹುದಲ್ವಾ? ಐರನ್ ಇದೆ, ಕಾಲೇಜಲ್ಲಿ ಕಲಿತಿದ್ದೆ. (ಸಾಫ್ಟ್‌ವೇರ್ ಹುಡುಗ, ಮಾರತ್ತಹಳ್ಳಿ)

ಉತ್ತರ: ಬೇಡ ಮಾರಾಯ. ಮೇಲೆ ಅಷ್ಟುದ್ದ ಹುರಿದುಂಬಿಸಿದವನೇ ಇಲ್ಲಿ ತಣ್ಣೀರು ಎರಚುತ್ತಿದ್ದೇನೆ. ಹಳದಿ ಪಿನ್ನಿನಲ್ಲಿ ಹಿಡಿಯಬೇಕಾದದ್ದು ಎರಡೇ ಜಾಯಿಂಟು, ಹೋಗುವ ಸಿಗ್ನಲ್ಲು ಐದಾರು ಮೆಗಾಹರ್ಟ್ಸ್. ಎಚ್‌ಡಿಎಂಐನಲ್ಲಿ 19 ಪಿನ್ನು, ಅಕ್ಕಿಕಾಳಿನ ಅಗಲದಲ್ಲಿ ನಾಲ್ಕೈದು ಹಲ್ಲು. ಅದಿರಲಿ, ಕೈ ನಡುಗದೆ ಹಾಕಿದೆ ಅಂತಲೇ ಇಟ್ಟುಕೋ. ಒಳಗೆ ವೈರುಗಳು ಜೋಡಿ ಜೋಡಿಯಾಗಿ ಹೆಣೆದುಕೊಂಡು ಓಡುತ್ತವೆ, 2.0 ಆವೃತ್ತಿಯಲ್ಲಿ ಸೆಕೆಂಡಿಗೆ 18 ಗಿಗಾಬಿಟ್‌ವರೆಗೆ ಹೊರುತ್ತವೆ. ಆ ಹೆಣಿಗೆಯನ್ನು ನೀನು ಎರಡು ಸೆಂಟಿಮೀಟರ್ ಬಿಚ್ಚಿ ಹರಡಿದರೆ ಸಿಗ್ನಲ್ಲು ಅಲ್ಲೇ ಗುದ್ದಿ ವಾಪಸ್ ಬರುತ್ತದೆ. ಮೀಟರಿನಲ್ಲಿ 19ಕ್ಕೂ ಬೀಪ್ ಬರುತ್ತದೆ, ಪರದೆಯಲ್ಲಿ ಮಾತ್ರ ಚುಕ್ಕಿ ಚುಕ್ಕಿ ಮಿಂಚು, ಇಲ್ಲವೇ ಕತ್ತಲೆ.

ಆದರೆ ಬಿಸಾಕುವ ಮುಂಚೆ ಒಂದು ಕೆಲಸ ಮಾಡು. ಚಪ್ಪಟೆಯಾಗಿರುವುದು ಬರೀ ಹೊರಗಿನ ತಗಡಾ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡು. ಒಳಗಿನ ಕಪ್ಪು ಪಟ್ಟಿ ಒಡೆಯದೆ, ಹಲ್ಲುಗಳು ಸಾಲಾಗಿದ್ದರೆ ಸಣ್ಣ ಚಪ್ಪಟೆ ಸ್ಕ್ರೂ ಡ್ರೈವರನ್ನು ತಗಡಿನ ಒಳಗಂಚಿಗೆ ಕೊಟ್ಟು ನಿಧಾನಕ್ಕೆ ಎತ್ತಿದರೆ ಆಕಾರಕ್ಕೆ ಬರುತ್ತದೆ. ಎರಡೂ ಕಡೆ ಬಿಚ್ಚಿಟ್ಟು ಮಾಡು. ಬಂದರೆ ಲಾಭ. ಸೊಟ್ಟಗಿರುವುದನ್ನೇ ಟಿವಿಗೆ ಬಲವಂತವಾಗಿ ತುರುಕಿದರೆ ಮಾತ್ರ ಟಿವಿಯ ಸಾಕೆಟ್ಟೂ ಹೋಗುತ್ತದೆ, ಅದನ್ನು ಬದಲಾಯಿಸುವುದು ಬಿಸಿಗಾಳಿ ಯಂತ್ರ ಇಟ್ಟುಕೊಂಡಿರುವವರ ಕೆಲಸ. ಹೊಸದು ತರುವಾಗ ಹತ್ತು ಮೀಟರ್ ಯಾಕೆ ಬೇಕು ಅಂತಲೂ ಯೋಚಿಸು, ಪಿಜಿ ರೂಮು ಅಷ್ಟುದ್ದ ಇರುತ್ತಾ?

ಪ್ರಶ್ನೆ: ಟೈಲರ್ ಅಂಗಡಿ ಇಟ್ಟಿದ್ದೇನೆ. ಮೊಬೈಲಿನಲ್ಲಿ 102.9 ವಿವಿಧ ಭಾರತಿ ಕೇಳುತ್ತಾ ಹೊಲಿಯುವುದು ಅಭ್ಯಾಸ. ಇಯರ್‌ಫೋನಿನಲ್ಲಿ ಒಂದು ಕಿವಿ ಹೋಯಿತು, ಈಗ ಸ್ಟೇಷನ್ನೂ ಕರಕರ ಅನ್ನುತ್ತದೆ. ವೈರಿಗೂ ಸ್ಟೇಷನ್ನಿಗೂ ಏನು ಸಂಬಂಧ? ಹುಡುಗ ಹೊಸ ಪಿನ್ ಹಾಕಲು ನೋಡಿದ, ಲೆಡ್ಡು ಹಿಡಿಯಲೇ ಇಲ್ಲ ಅಂದ. (ರಾಜಾಜಿನಗರ)

ಉತ್ತರ: ಸಂಬಂಧ ಇದೆ ಸ್ವಾಮಿ. ಮೊಬೈಲಿನಲ್ಲಿ ಎಫ್‌ಎಂಗೆ ಬೇರೆ ಏರಿಯಲ್ ಇಲ್ಲ, ಇಯರ್‌ಫೋನ್ ವೈರೇ ಏರಿಯಲ್. ಪಿನ್ನಿನ ಹತ್ತಿರ ವೈರು ತುಂಡಾದರೆ ಕಿವಿಯೂ ಹೋಗುತ್ತದೆ, ಸ್ಟೇಷನ್ನೂ ಹೋಗುತ್ತದೆ.

ಲೆಡ್ಡು ಹಿಡಿಯದಿದ್ದುದಕ್ಕೆ ಹುಡುಗನನ್ನು ಬಯ್ಯಬೇಡಿ. ಆ ವೈರನ್ನು ಬಿಚ್ಚಿದರೆ ಒಳಗೆ ಕೆಂಪು, ಹಸಿರು ಬಣ್ಣದ ತಲೆಗೂದಲಿನಂಥ ಎಳೆಗಳು ಕಾಣುತ್ತವೆ, ಜೊತೆಗೆ ಗಟ್ಟಿ ಇರಲಿ ಅಂತ ಸೇರಿಸಿದ ದಾರ. ಬಣ್ಣ ಅಂತ ಕಾಣುವುದು ಬರೀ ಬಣ್ಣ ಅಲ್ಲ, ಕರೆಂಟು ಒಂದರಿಂದ ಇನ್ನೊಂದಕ್ಕೆ ದಾಟದಂತೆ ಬಳಿದ ಮೆರುಗು. ಮೋಟರಿನ ಕಾಯಿಲ್ ವೈರಿಗೆ ಇರುತ್ತಲ್ಲ, ಅದೇ. ಅದು ಹೋಗದೆ ಲೆಡ್ಡು ಹತ್ತಲ್ಲ. ಐರನ್ ತುದಿಯಲ್ಲಿ ಒಂದು ತೊಟ್ಟು ಲೆಡ್ಡು ಕರಗಿಸಿ ನಿಲ್ಲಿಸಿ, ಎಳೆಗಳಿಗೆ ಪೇಸ್ಟು ಸವರಿ, ತುದಿಯನ್ನು ಆ ತೊಟ್ಟಿನೊಳಗೆ ಅದ್ದಿ ಹಿಡಿಯಿರಿ. ನಾಲ್ಕೈದು ಸೆಕೆಂಡಿನಲ್ಲಿ ಚುರ್ ಅಂತ ಹೊಗೆ ಬಂದು ಬಣ್ಣ ಸುಟ್ಟು, ತುದಿ ಬೆಳ್ಳಿಯಾಗುತ್ತದೆ. ಅಷ್ಟೇ ರಹಸ್ಯ. ದಾರವನ್ನು ಮೊದಲೇ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅದು ಸುಟ್ಟು ಕರಕಲಾಗಿ ಮಧ್ಯೆ ಕೂರುತ್ತದೆ.

ಸಾಮಾನ್ಯವಾಗಿ ಕೆಂಪು ಬಲಕಿವಿ, ಹಸಿರು ಇಲ್ಲವೇ ನೀಲಿ ಎಡಕಿವಿ, ತಾಮ್ರದ ಬಣ್ಣದ್ದು ಎರಡಕ್ಕೂ ಸೇರಿದ ಗ್ರೌಂಡು. ಪಿನ್ನಿನಲ್ಲಿ ತುದಿ ಎಡ, ಅದರ ಹಿಂದಿನ ಉಂಗುರ ಬಲ. ಮೂರು ಭಾಗದ ಪಿನ್ನಾದರೆ ಬುಡ ಗ್ರೌಂಡು. ಮೈಕ್ ಇರುವ ನಾಲ್ಕು ಭಾಗದ ಪಿನ್ನಾದರೆ ಈಗಿನ ಮೊಬೈಲುಗಳಲ್ಲಿ ಮೂರನೆಯದು ಗ್ರೌಂಡು, ಬುಡದ್ದು ಮೈಕು. ಅಂಗಡಿಯಲ್ಲಿ ಇದಕ್ಕೆ ಇಪಿ ಪಿನ್ ಅಂತಾರೆ. ಒಂದು ಕಿವಿಯ ಬುಡದಲ್ಲೇ ವೈರು ತುಂಡಾಗಿದ್ದರೆ ಈ ಸಾಹಸ ಬೇಡ, ಆ ಸಣ್ಣ ಗೂಡನ್ನು ಒಡೆಯದೆ ತೆಗೆದವರನ್ನು ನಾನಿನ್ನೂ ನೋಡಿಲ್ಲ.

ಪ್ರಶ್ನೆ: ಹಳೇ ಡಿವಿಡಿ ಪ್ಲೇಯರನ್ನು ಹೊಸ ಟಿವಿಗೆ ಹಾಕಿದರೆ ಎಲ್ಲ ಕಪ್ಪು ಬಿಳುಪು. ಪಿನ್ನು ಹಾಳಾಗಿದೆಯೇ? ನಮ್ಮ ತಂದೆ ‘ಪರವಾಗಿಲ್ಲ, ನಮ್ಮ ಕಾಲದಲ್ಲೂ ಹೀಗೇ ಇತ್ತು’ ಅಂತ ನೋಡುತ್ತಾ ಕೂತಿದ್ದಾರೆ. (ಯಲಹಂಕ)

ಉತ್ತರ: ಪಿನ್ನಿಗೆ ಏನೂ ಆಗಿಲ್ಲ. ಟಿವಿ ಹಿಂದೆ ಹಸಿರು, ನೀಲಿ, ಕೆಂಪು ಅಂತ ಇನ್ನೊಂದು ಸಾಲು ಇರುತ್ತದೆ, ಅದಕ್ಕೆ ಕಾಂಪೊನೆಂಟ್ ಅಂತಾರೆ. ಅದರ ಹಸಿರು ಸಾಕೆಟ್ಟು ಬೆಳಕು ಕತ್ತಲೆಯ ವಿವರ ಮಾತ್ರ ಓದುತ್ತದೆ, ಬಣ್ಣವನ್ನು ನೀಲಿ, ಕೆಂಪಿನಿಂದ ನಿರೀಕ್ಷಿಸುತ್ತದೆ. ಹಳದಿ ಪಿನ್ನನ್ನು ಅಲ್ಲಿಗೆ ಹಾಕಿದರೆ ಹೀಗೇ. ಕೆಲವು ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ಸಾಕೆಟ್ಟು, ಆಗ ರಿಮೋಟಿನಲ್ಲಿ ಇನ್‌ಪುಟ್ ಆರಿಸುವಾಗ ಕಾಂಪೊನೆಂಟ್ ಬಿಟ್ಟು ಎವಿ ಅಂತ ಒತ್ತಿ. ಆದರೂ ಬಣ್ಣ ಬರದಿದ್ದರೆ ಪ್ಲೇಯರಿನ ಸೆಟ್ಟಿಂಗಿನಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಬದಲು ನಮ್ಮ ಕಡೆಯ ಪಾಲ್ (PAL) ಪದ್ಧತಿ ಇದೆಯಾ ನೋಡಿ. ತಂದೆಯವರಿಗೆ ಹೇಳಿ, 1982ರ ಏಷ್ಯನ್ ಗೇಮ್ಸ್ ಹೊತ್ತಿಗೇ ನಮ್ಮ ದೇಶದ ಟಿವಿಗೆ ಬಣ್ಣ ಬಂದಾಯಿತು ಅಂತ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದ ರಾಜ್ಯೋತ್ಸವಕ್ಕೆ ಲ್ಯಾಪ್‌ಟಾಪಿನಿಂದ ಆಂಪ್ಲಿಫೈಯರಿಗೆ ಹಾಡು ಹಾಕಿದರೆ ಹೂಂ ಅಂತ ಒಂದೇ ಸಮನೆ ಸದ್ದು. ನಾಡಗೀತೆಗಿಂತ ಅದೇ ಜೋರು. ಹೋದ ವರ್ಷವೂ ಹೀಗೇ ಆಗಿ ಮರ್ಯಾದೆ ಹೋಗಿತ್ತು. ಮೂರು ವೈರು ಬದಲಾಯಿಸಿದ್ದೇವೆ. (ಸಂಘದ ಕಾರ್ಯದರ್ಶಿ, ಜಯನಗರ)

ಉತ್ತರ: ಮೂರನೇ ವೈರು ತರುವ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಬೇಕಿತ್ತು. ಕಿತ್ತ ಕೂಡಲೇ ಸದ್ದು ನಿಂತರೆ ವೈರು ನಿರಪರಾಧಿ. ಚಾರ್ಜರಿಗೂ ಆಂಪ್ಲಿಫೈಯರಿಗೂ ಬೇರೆ ಬೇರೆ ಕಡೆಯಿಂದ ಅರ್ಥಿಂಗ್ ಸಿಕ್ಕಿ, ನಿಮ್ಮ ಆಡಿಯೊ ವೈರಿನ ಗ್ರೌಂಡು ಅವೆರಡರ ಮಧ್ಯೆ ಸೇತುವೆಯಾಗಿ, ಕರೆಂಟಿನ 50 ಹರ್ಟ್ಸ್ ಸದ್ದು ಅದರ ಮೇಲೆ ಓಡಾಡುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಇಲ್ಲವೇ ಸರಳವಾಗಿ, ಬ್ಯಾಟರಿ ತುಂಬಿಸಿಟ್ಟುಕೊಂಡು ಕಾರ್ಯಕ್ರಮದ ಹೊತ್ತಿಗೆ ಚಾರ್ಜರ್ ತೆಗೆದಿಡಿ. ಯಾರಾದರೂ ಬುದ್ಧಿವಂತರು ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿದರೆ ಸರಿಹೋಗುತ್ತೆ ಅಂತ ಹೇಳಿಯಾರು. ಸದ್ದು ಹೋಗಬಹುದು, ಮೈಕು ಹಿಡಿದವರ ಜೀವವೂ ಹೋಗಬಹುದು. ಆ ಪಿನ್ ಮುಟ್ಟಲೇಬೇಡಿ.

ಚಾರ್ಜರ್ ಕಿತ್ತರೂ ಸದ್ದು ಇದ್ದರೆ ಆರ್‌ಸಿಎ ಪಿನ್ನಿನ ಹೊರಬಳೆ ನೋಡಿ. ಸಡಿಲವಾಗಿದ್ದು ಸಾಕೆಟ್ಟನ್ನು ಹಿಡಿಯುತ್ತಿರಲ್ಲ. ಬಳೆಯಲ್ಲಿ ಸೀಳುಗಳಿವೆಯಲ್ಲ, ಇಕ್ಕಳದಲ್ಲಿ ಒಂದೇ ಒಂದು ಚೂರು ಒಳಕ್ಕೆ ಒತ್ತಿ. ಕಿಲುಬು ಹಿಡಿದಿದ್ದರೆ ಪೆನ್ಸಿಲ್ ರಬ್ಬರಿನಲ್ಲಿ ತಿಕ್ಕಿ, ಮರಳು ಕಾಗದ ಬೇಡ, ಮೇಲಿನ ಲೇಪ ಹೋಗುತ್ತದೆ. ಇನ್ನೊಂದು ಮಾತು, ಆಂಪ್ಲಿಫೈಯರ್ ಆನ್ ಇರುವಾಗ ಈ ಪಿನ್ ಹಾಕಬೇಡಿ, ತೆಗೆಯಬೇಡಿ. ಇದರಲ್ಲಿ ಗ್ರೌಂಡಿಗಿಂತ ಮೊದಲು ನಡುಕಡ್ಡಿ ತಾಗುತ್ತದೆ. ಆ ಢಂ ಸದ್ದಿಗೆ ಸ್ಪೀಕರೂ ಹೋಗಬಹುದು, ಮುಂದಿನ ಸಾಲಿನ ಹಿರಿಯರೂ ಬೆಚ್ಚಿಬೀಳಬಹುದು.

ಪ್ರಶ್ನೆ: ಮಳೆಗಾಲ ಬಂದರೆ ಡಿಶ್ ಸಿಗ್ನಲ್ ಹೋಗುತ್ತದೆ. ಮಳೆ ನಿಂತ ಮೇಲೂ ಎರಡು ದಿನ ಬರಲ್ಲ. ತುದಿಯಲ್ಲಿ ತಿರುಪುವ ಪಿನ್ ಕಪ್ಪಾಗಿದೆ. ನಾವೇ ಬದಲಾಯಿಸಬಹುದಾ? (ಕೆಂಗೇರಿ)

ಉತ್ತರ: ಮಳೆ ಸುರಿಯುವಾಗ ಹೋದರೆ ಅದು ಮೋಡದ ತಪ್ಪು. ನಿಂತ ಮೇಲೂ ಬಾರದಿದ್ದರೆ ಪಿನ್ನೊಳಗೆ ನೀರು ಹೋಗಿದೆ. ಇದಕ್ಕೆ ಐರನ್ನೂ ಬೇಡ. ಮೊದಲು ಸೆಟ್ ಟಾಪ್ ಬಾಕ್ಸಿನ ಕರೆಂಟು ತೆಗೆಯಿರಿ. ಡಿಶ್ಶಿನ ಮೂತಿಗೆ ಈ ವೈರಿನಲ್ಲೇ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ, ಆನ್ ಇರುವಾಗ ಜಾಲರಿ ನಡುಕಡ್ಡಿಗೆ ತಾಗಿದರೆ ಬಾಕ್ಸಿಗೆ ಪೆಟ್ಟು. ಕಪ್ಪಾದ ಭಾಗವನ್ನು ತಾಮ್ರ ಕೆಂಪಗೆ ಕಾಣುವವರೆಗೆ ಕತ್ತರಿಸಿ ಹಾಕಿ. ಹೊಸ ಎಫ್ ಕನೆಕ್ಟರ್ ತಿರುಪಿ, ನಡುಕಡ್ಡಿ ಅದರ ಅಂಚಿಗಿಂತ ಮೂರು ಮಿಲಿಮೀಟರ್ ಮುಂದೆ ಇರಲಿ. ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಬಾರದು. ಡಿಶ್ ಹತ್ತಿರ ವೈರನ್ನು ಸ್ವಲ್ಪ ಕೆಳಗೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ತಾರಸಿ ಒದ್ದೆ ಇರುವಾಗ ಹತ್ತಬೇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ವೈರು ತಿರುಚಿ ಟೇಪು ಸುತ್ತಿದರೆ ಆಗಲ್ವಾ? (ಶ್ರೀನಗರ)

ಉತ್ತರ: ಆಗುತ್ತೆ, ಭಾನುವಾರದ ಸಿನಿಮಾ ಮುಗಿಯುವವರೆಗೆ.

ಪ್ರಶ್ನೆ: ನೀವು ಬರೆಯುವ ಪಿನ್ನು, ಪೇಸ್ಟು, ಐರನ್ ಎಲ್ಲ ಒಂದೇ ಕಡೆ ಎಲ್ಲಿ ಸಿಗುತ್ತದೆ? ನಮ್ಮ ಏರಿಯಾದಲ್ಲಿ ಬರೀ ಮೊಬೈಲ್ ಕವರ್ ಮಾರುತ್ತಾರೆ. (ಹೊಸಬರು, ವೈಟ್‌ಫೀಲ್ಡ್)

ಉತ್ತರ: ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ, ಎಸ್.ಪಿ. ರೋಡು. ಕಾರು ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೊಗೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದು ಯಾರನ್ನಾದರೂ ಕೇಳುತ್ತಾ ನಡೆಯಿರಿ. ದೊಡ್ಡ ಬೋರ್ಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಪಿನ್ನು ಕೇಳಬೇಡಿ, ಮುಖ ಸಿಂಡರಿಸುತ್ತಾರೆ. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರ್ ಇರುವ ಬಿಡಿಭಾಗದ ಅಂಗಡಿ ಹುಡುಕಿ. ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗಿಬನ್ನಿ. ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯವೇ ಬೇಡ, ಕತ್ತರಿಸಿದ ಹಳೇ ಪಿನ್ನನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ ಗಲ್ಲಾದ ಮೇಲೆ ಇಟ್ಟು ‘ಇಂಥದ್ದು ಕೊಡಿ’ ಅನ್ನಿ. ಒಂದು ಬೇಕಿದ್ದರೆ ಮೂರು ತನ್ನಿ. ಮೊದಲನೆಯದಕ್ಕೆ ಮುಚ್ಚಳ ಪೋಣಿಸುವುದನ್ನು ಹೇಗೂ ಮರೆಯುತ್ತೀರಿ.